ಮಾಮಾನ ದೊಡ್ಡ ಕ್ಯಾಮೆರಾ, ನನ್ನ ಎಡಗೆನ್ನೆ

ಆ ಭಾನುವಾರ ಮಾಮಾನ ಮನೆಯಲ್ಲಿದ್ದವರು ನಾವು ನಾಲ್ಕು ಜನ: ಮಾಮಾ, ಮಾಮಿ, ನನ್ನ ಅವ್ವ ಮತ್ತು ನಾನು. ಐದನೆಯದಾಗಿ, ಊಟದ ಮೇಜಿನ ನಟ್ಟನಡುವೆ ಒಂದು ಕರಿ ಪೆಟ್ಟಿಗೆ. ಅದಕ್ಕೆ ಜಾಗ ಬೇಕೆಂದು ಅನ್ನದ ಪಾತ್ರೆಯನ್ನು ಫ್ರಿಜ್ಜಿನ ಮೇಲೂ ಸಾರಿನ ಪಾತ್ರೆಯನ್ನು ಹೊಲಿಗೆ ಯಂತ್ರದ ಮೇಲೂ ಕೂರಿಸಲಾಗಿತ್ತು. ಮಾಮಾ ಕೈ ತೊಳೆದು, ಒರೆಸಿ, ಆರಿಸಿ, ಪೆಟ್ಟಿಗೆಯ ಮುಚ್ಚಳ ತೆಗೆದ. ತನ್ನ ಮದುವೆಯ ದಿನ ಮಾಮಿಯ ಮುಖದ ಮೇಲಿನ ಸೆರಗನ್ನು ಕೂಡ ಅವನು ಅಷ್ಟು ಭಯಭಕ್ತಿಯಿಂದ ಸರಿಸಿರಲಿಲ್ಲವಂತೆ. ಇದು ಮಾಮಿಯೇ ಹೇಳಿದ್ದು!

ನಮ್ಮ ಮಾಮಾನ ಕಣ್ಣಿಗೆ ಪಾಸಾದ ವಸ್ತು ಈ ಭೂಮಿಯ ಮೇಲೆ ಒಂದೂ ಇರಲಿಲ್ಲ. ಉತ್ಪ್ರೇಕ್ಷೆ ಎನ್ನುತ್ತೀರಾ? ಕೇಳಿ. ಅವನು ಊರಾಚೆಯ ಶೇಂದ್ರಾದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರು. ಮಷೀನಿನಿಂದ ಹೊರಬಂದ ಬಿಡಿಭಾಗಗಳನ್ನು ಭೂತಗನ್ನಡಿ ಹಿಡಿದು ನೋಡುವುದು, ಸರಿಯಿದ್ದರೆ ಹಸಿರು ಚುಕ್ಕೆ, ಗೀರು ಬಿದ್ದಿದ್ದರೆ ಕೆಂಪು ಚುಕ್ಕೆ ಅಂಟಿಸುವುದು ಅವನ ಉದ್ಯೋಗ. ಉದ್ಯೋಗ ಸಂಜೆ ಮುಗಿಯಬೇಕಲ್ಲ? ಮುಗಿಯುತ್ತಿರಲಿಲ್ಲ! ಎರಡೂ ಬಣ್ಣದ ಚುಕ್ಕೆಯ ಹಾಳೆಗಳು ಅಂಗಿಯ ಜೇಬಿನಲ್ಲೇ ಮನೆಗೆ ಬರುತ್ತಿದ್ದವು. ಉಪ್ಪಿನಕಾಯಿ ಭರಣಿಗೆ ಕೆಂಪು ಚುಕ್ಕೆ: ಉಪ್ಪು ಹೆಚ್ಚು. ಗೋಡೆ ಗಡಿಯಾರಕ್ಕೆ ಕೆಂಪು ಚುಕ್ಕೆ: ನಿಧಾನ. ಗೋಡೆಯ ಮೇಲಿನ ಅವರಿಬ್ಬರ ಮದುವೆಯ ಫೋಟೋಗೂ ಮೂಲೆಯಲ್ಲಿ ಕೆಂಪು ಚುಕ್ಕೆ.

"ಏನ್ರಿ, ಇದಕ್ಯಾಕ?" ಎಂದು ಮಾಮಿ ಕೇಳಿದ್ದಳಂತೆ.

"ಫೋಕಸ್ ಇಲ್ಲ."

"ಫೋಟೋಕ್ಕೋ, ನಿಮಗೋ?"

ನಾಶಿಕದಲ್ಲಿ ಬೆಳೆದ ನಾನು ಕನ್ನಡ ಕಲಿತದ್ದು ಶಾಲೆಯಲ್ಲಲ್ಲ. ರಜೆಗೊಮ್ಮೆ ಔರಂಗಾಬಾದಿಗೆ ಹೋಗಿ (ಆಗ ನಾವು ಹಾಗೆನ್ನುತ್ತಿದ್ದೆವು, ಈಗ ಛತ್ರಪತಿ ಸಂಭಾಜಿನಗರ) ಕಲಬುರಗಿಯಿಂದ ಬಂದ ಈ ಗಂಡ ಹೆಂಡತಿಯ ಜಗಳ ಕೇಳಿ ಕಲಿತೆ. ಅಷ್ಟು ಸೊಗಸಾದ ಪಾಠ ಯಾವ ಪುಸ್ತಕದಲ್ಲಿದೆ ಹೇಳಿ!

ಕ್ಯಾಮೆರಾದ ಹುಚ್ಚು ಹಿಡಿದದ್ದು ಮೊದಲು ಜೇಬಿನಲ್ಲಿ ಕೂರುವ ಒಂದು ಪುಟಾಣಿ ಡಿಜಿಟಲ್ ಕ್ಯಾಮೆರಾದಿಂದ. ಎಲ್ಲೋರಾದ ಕಲ್ಲಾನೆಯ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಹಿಗ್ಗಿಸಿದ. ಹಿಗ್ಗಿಸುತ್ತಾ ಹೋದಂತೆ ಆನೆ ಹೋಗಿ ಅವಲಕ್ಕಿಯಾಯಿತು. "ರಿಜೆಕ್ಟ್!" ಆಮೇಲೆ ಲೆನ್ಸ್ ಬದಲಿಸುವಂಥದ್ದು ಬಂತು. ಆನೆಯ ಕಾಲಿನ ಮೇಲೆ ಉಳಿಯ ಗುರುತು ಕಂಡಿತು, ಗುರುತಿನೊಳಗಿನ ಧೂಳು ಕಾಣಲಿಲ್ಲ. "ರಿಜೆಕ್ಟ್!" ಅದಕ್ಕಿಂತ ದೊಡ್ಡದು ಬಂತು. ಧೂಳು ಕಂಡಿತು. ಆದರೆ ಧೂಳಿನ ಕಣ ಕಣ ಬೇರೆಯಾಗಿ ಕಾಣಬೇಡವೇ? "ರಿಜೆಕ್ಟ್!" ಆನೆ ಕಲ್ಲಿನದಾದ್ದರಿಂದ ಇಷ್ಟೆಲ್ಲ ಸಹಿಸಿಕೊಂಡು ನಿಂತಿತು.

ಕೊನೆಗೆ ಮುಂಬಯಿಯಲ್ಲಿ ಜಾಹೀರಾತಿನ ಫೋಟೊ ತೆಗೆಯುವವರೊಬ್ಬರು ಅಂಗಡಿ ಮುಚ್ಚುತ್ತಿದ್ದಾರೆಂದು ಸುದ್ದಿ ಬಂತು. ಮಾಮಾ ಹಳೆಯ ಕ್ಯಾಮೆರಾಗಳನ್ನೆಲ್ಲ ಮಾರಿ, ಹೋಗಿ, ಈ ಕರಿ ಪೆಟ್ಟಿಗೆ ಹೊತ್ತು ತಂದ. ಮೀಡಿಯಂ ಫಾರ್ಮ್ಯಾಟ್ ಡಿಜಿಟಲ್! ಹೆಸರಿಗೆ ಮೀಡಿಯಂ, ನೋಡಲು ಹಿಟ್ಟಿನ ಡಬ್ಬಿ.

"ಎಷ್ಟು ಬಿತ್ತೋ ತಮ್ಮಾ?" ಎಂದಳು ಅವ್ವ.

"ಒಂದು ಸ್ಕೂಟರಿಗಿಂತ ಸ್ವಲ್ಪ ಜಾಸ್ತಿ, ಅಕ್ಕಾ."

"ಅಕ್ಕಾರ, ಆ ಸ್ಕೂಟರಿಗಿ ನಾಕು ಗಾಲಿ ಅದಾವ್ರಿ!" ಎಂದಳು ಮಾಮಿ ಅಡುಗೆಮನೆಯಿಂದ.

ಮಾಮಾ ಅದನ್ನು ಕೇಳಿಸಿಕೊಳ್ಳಲಿಲ್ಲ. "ಇಲ್ಲಿ ನೋಡ್ರಿ. ಹಳೆ ಕ್ಯಾಮೆರಾದಾಗ ಬೆಳಕು ಬೀಳೋ ಸೆನ್ಸರ್ ಉಗುರಿನಷ್ಟು ಇತ್ತು. ಇದರಾಗ ಕಡ್ಡಿಪೆಟ್ಟಿಗಿಯಷ್ಟು ಅದ! ಮಳಿ ಬಂದಾಗ ಅಂಗಳದಾಗ ಸಣ್ಣ ವಾಟಿ ಇಟ್ರ ಎಷ್ಟು ನೀರು ತುಂಬ್ತದ? ಅಗಲ ಪರಾತ ಇಟ್ರ ಎಷ್ಟು ತುಂಬ್ತದ? ಬೆಳಕೂ ಹಂಗ."

"ಪರಾತ ನಮ್ಮ ಮನ್ಯಾಗ ಮೊದಲೇ ಅದ," ಎಂದಳು ಮಾಮಿ. "ಇಲ್ಲದ್ದು ಮಳಿ!"

ಪರಾತದ ಮೊದಲ ಪ್ರಯೋಗ ಖುಲ್ತಾಬಾದಿನ ರಸ್ತೆಯಲ್ಲಿ ನಡೆಯಿತು. ಮರದ ಕೆಳಗೆ ಒಬ್ಬ ಮುದುಕಿ ಸೀತಾಫಲದ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಮಾಮಾ ಮುಕ್ಕಾಲಿ ಊರಿದ. ಬೆಳಕು ಅಳೆದ. ಲೆನ್ಸ್ ಒರೆಸಿದ. ಮುಕ್ಕಾಲಿ ಒಂದು ಗೇಣು ಸರಿಸಿದ. ಮತ್ತೆ ಬೆಳಕು ಅಳೆದ. ಇಷ್ಟು ದೊಡ್ಡ ಯಂತ್ರ ಕಂಡು ದರ್ಗಾಕ್ಕೆ ಹೊರಟವರೆಲ್ಲ ನಿಂತರು. ನಿಂತವರು ಸುಮ್ಮನಿರುತ್ತಾರೆಯೇ? ಒಂದೊಂದು ಹಣ್ಣು ಕೊಂಡರು. ಮಾಮಾ "ಹಾಂ, ರೆಡಿ!" ಎನ್ನುವ ಹೊತ್ತಿಗೆ ಬುಟ್ಟಿ ಖಾಲಿ! ಮುದುಕಿ ಮಡಿಲಲ್ಲಿ ತೆಗೆದಿಟ್ಟಿದ್ದ ಒಂದು ಹಣ್ಣನ್ನು ಅವನ ಕೈಗಿಟ್ಟು, "ಭಾವೂ, ರೋಜ್ ಯೇತ್ ಜಾ" ಎಂದಳು. ದಿನಾ ಬಾರಪ್ಪ ಅಂತ! ಮಾಮಾ ಖಾಲಿ ಬುಟ್ಟಿಯದೇ ಫೋಟೊ ತೆಗೆದು, ಅದರ ಬಿದಿರಿನ ಒಂದೊಂದು ಸಿಗುರನ್ನು ನಮಗೆಲ್ಲ ಒಂದು ತಾಸು ತೋರಿಸಿದ.

ಮಾಮಿ ಆ ಕ್ಯಾಮೆರಾಕ್ಕೆ ಒಲಿದದ್ದು ಒಂದೇ ಒಂದು ದಿನ. ಮಾಮಾ ಎದುರಿನ ಕಟ್ಟಡದ ಗಚ್ಚಿ ಹತ್ತಿ ಮೇಲಿಂದ ತಮ್ಮ ಅಪಾರ್ಟ್‌ಮೆಂಟಿನ ಫೋಟೊ ತೆಗೆದಿದ್ದ. ಅದನ್ನು ಹಿಗ್ಗಿಸಿ, "ಇಟ್ಟಂಗಿ ನೋಡು, ಸಿಮೆಂಟು ನೋಡು" ಎನ್ನುತ್ತಿದ್ದಾಗ ಮಾಮಿ ಚೀರಿದಳು.

"ತಡೀರಿ! ಮ್ಯಾಲಿನ ಬಾಲ್ಕನಿ ದೊಡ್ಡದು ಮಾಡ್ರಿ. ಇನ್ನೂ. ಇನ್ನೂ. ಆ ಮೂಲಿ ನೋಡ್ರಿ, ನಾ ಹೊಲಿದ ತ್ಯಾಪಿ! ಅದು ನನ್ನ ಬಿಳಿ ಚಾದರ!"

ಹೋದ ವರ್ಷ ತಂತಿಯ ಮೇಲಿಂದ ಮಾಯವಾಗಿದ್ದ ಚಾದರ ಅರ್ಧ ಗಂಟೆಯಲ್ಲಿ ಮನೆಗೆ ಬಂತು. ಆ ಸಂಜೆ ಕ್ಯಾಮೆರಾಕ್ಕೆ ಕುಂಕುಮ, ಊದಿನಕಡ್ಡಿ ಎಲ್ಲ ಆಯಿತು. ಮರುದಿನ ಬೆಳಗ್ಗೆ ಮತ್ತೆ, "ಈ ಡಬ್ಬಿ ಇಡಲಾಕ ಇದೊಂದೇ ಜಾಗ ಸಿಕ್ತೇನ್ರಿ?"

ಇನ್ನು ನನ್ನ ಕಥೆಗೆ ಬರುತ್ತೇನೆ. ಸಣ್ಣವಳಿದ್ದಾಗ ನಾಶಿಕದ ಗೋದಾವರಿ ಘಾಟಿನ ಮೆಟ್ಟಿಲ ಮೇಲೆ ಓಡಿ ಬಿದ್ದು ಎಡಗೆನ್ನೆ ಸೀಳಿಕೊಂಡಿದ್ದೆ. ಹೊಲಿಗೆಯ ಗುರುತು ಕಣ್ಣಿನ ಕೆಳಗಿನಿಂದ ತುಟಿಯವರೆಗೆ ಉಳಿಯಿತು. ನಕ್ಕರೆ ಅದು ಮಡಚಿ ಇನ್ನೊಂದು ಬಾಯಿಯ ಹಾಗೆ ಕಾಣುತ್ತದೆ. ಎರಡು ಬಾಯಿ ಇರುವುದಕ್ಕೇ ಇಷ್ಟು ಮಾತಾಡುತ್ತಾಳೆ ಎನ್ನುವುದು ಮಾಮಿಯ ಶೋಧ.

ಮದುವೆಗೆ ಹುಡುಗನನ್ನು ನೋಡಲು ಶುರು ಮಾಡಿದಾಗ ಅವ್ವ ನನ್ನನ್ನು ಸ್ಟುಡಿಯೋಗೆ ಕರೆದೊಯ್ದಳು. ಅಲ್ಲಿಯವರು "ಮುಖ ಎಡಕ್ಕೆ ತಿರುಗಿಸಿ, ನಗಬೇಡಿ" ಎಂದರು. ಸಾಲದ್ದಕ್ಕೆ ಕಂಪ್ಯೂಟರಿನಲ್ಲಿ ಉಜ್ಜಿ ಉಜ್ಜಿ ನನ್ನನ್ನು ಹೊಸ ಸಾಬೂನಿನಂತೆ ಮಾಡಿದರು. ಆ ಫೋಟೊ ಹಿಡಿದು ಗಂಡಿನ ಕಡೆಯವರು ಬರುತ್ತಿದ್ದರು. ಫೋಟೊ ನೋಡುತ್ತಿದ್ದರು, ನನ್ನನ್ನು ನೋಡುತ್ತಿದ್ದರು, ಮತ್ತೆ ಫೋಟೊ ನೋಡುತ್ತಿದ್ದರು. ಅವಲಕ್ಕಿಯ ಪೋಹೆ ತಿನ್ನುತ್ತಿದ್ದರು. ಹೋಗುತ್ತಿದ್ದರು. ನಮ್ಮ ಮನೆಯ ಪೋಹೆಗೆ ಎಲ್ಲರೂ ಒಪ್ಪಿದರು! ಮೂರನೆಯ ಮನೆಯವರು ಹೋದ ದಿನ ನಾನು ತಟ್ಟೆ ತೊಳೆದಿಟ್ಟು, ಇನ್ನು ನನ್ನ ಫೋಟೊ ಯಾರೂ ತೆಗೆಯಬಾರದು, ಯಾರೂ ನನ್ನ ನೋಡಲು ಬರಬಾರದು ಎಂದು ಹೇಳಿಬಿಟ್ಟೆ. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು ತಮ್ಮನಿಗೆ ಫೋನ್ ಮಾಡಿದಳು.

ಮರು ಭಾನುವಾರ ಬೆಳಗ್ಗೆ ಮಾಮಾ, ಮಾಮಿ, ಕರಿ ಪೆಟ್ಟಿಗೆ, ಮೂವರೂ ಬಸ್ಸಿನಿಂದ ಇಳಿದರು. "ಕಿಟಕಿ ಸೀಟು ಡಬ್ಬಿಗಿ ಸಿಕ್ತು. ನಾ ನಾಶಿಕ್ ತನಕ ಡ್ರೈವರನ ಬಾಜೂಕಿನ ಟೂಲ್‌ಬಾಕ್ಸ್ ಮ್ಯಾಲ ಕುಂತು ಬಂದೀನಿ," ಎನ್ನುತ್ತಾ ಮಾಮಿ ಸೊಂಟ ಹಿಡಿದುಕೊಂಡಳು.

ನಾನು ಬಾಗಿಲು ಹಾಕಿಕೊಂಡೆ. ಮಾಮಾ ಹೊರಗಿಂದಲೇ ಹೇಳಿದ: "ಯವ್ವಾ, ನಿನ್ನ ಫೋಟೊ ಯಾರಿಗಿ ಬೇಕಾಗ್ಯಾದ? ನನಗ ಕ್ಯಾಮೆರಾ ಟೆಸ್ಟ್ ಮಾಡಬೇಕಾಗ್ಯಾದ. ಆನಿ ಇಲ್ಲಿಲ್ಲ, ನೀ ಇದ್ದಿ."

ಇಂಥ ಆಮಂತ್ರಣಕ್ಕೆ ಯಾರು ತಾನೇ ಇಲ್ಲವೆನ್ನುತ್ತಾರೆ!

ಗಚ್ಚಿಯ ಮೇಲೆ ಸ್ಟೂಲು ಹಾಕಿ ಕೂರಿಸಿದ. ಬೆಳಕನ್ನು ನನ್ನ ಮುಖಕ್ಕೆ ತಿರುಗಿಸಲು ಮಾಮಿಯ ಕೈಗೆ, ಜೊತೆಗೆ ತಂದಿದ್ದ ಅದೇ ಬಿಳಿ ಚಾದರ ಕೊಟ್ಟು ಒಂದು ಮೂಲೆಯಲ್ಲಿ ನಿಲ್ಲಿಸಿದ.

"ಬಲಕ್ಕ ತಿರುಗು."

"ಮಾಮಾ, ಆ ಕಡೆ ಬ್ಯಾಡ. ಗುರುತು ಕಾಣ್ತದ."

"ಕಾಣಲಿ. ಆ ಕಡೆ ಬೆಳಕು ಚಲೋ ಅದ. ಅಲ್ಲಾಡಬ್ಯಾಡ."

ಧಡ್! ಟ್ರಂಕಿನ ಮುಚ್ಚಳ ಬಿದ್ದಂಥ ಸದ್ದಿಗೆ ಪಾರಿವಾಳಗಳೆಲ್ಲ ಹಾರಿದವು. "ರಿಜೆಕ್ಟ್. ಕಣ್ಣು ಪಿಳುಕಿಸಿದಿ." ಧಡ್! "ರಿಜೆಕ್ಟ್. ಮಾರಿ ಬಿಗೀ ಅದ." ಧಡ್! "ರಿಜೆಕ್ಟ್. ಚಾದರ ಕೆಳಗ ಬಂತು."

"ನನ್ನ ಕೈ ಏನು ಚಾದರ ಒಣ ಹಾಕೋ ತಂತಿ ಅಂತ ತಿಳಿದೀರೇನ್ರಿ?" ಎಂದು ಮಾಮಿ ರೇಗಿದ್ದೇ ತಡ, ಗಾಳಿ ಬೀಸಿತು. ಚಾದರ ಅವಳ ಕೈ ಜಾರಿ ಹಾರಿ ಹೋಗಿ ಮಾಮಾನ ತಲೆಯಿಂದ ಕಾಲವರೆಗೆ ಸುತ್ತಿಕೊಂಡಿತು. ಒಳಗಿನಿಂದ ಇನ್ನೂ ದನಿ ಬರುತ್ತಿತ್ತು: "ಅಲ್ಲಾಡಬ್ಯಾಡ! ಅಲ್ಲಾಡಬ್ಯಾಡ!" ಮುಸುಕು ಹಾಕಿದ ಆ ಹೊಸ ಮದುಮಗಳನ್ನು ನೋಡಿ ನಾನು ನಕ್ಕೆ. ಹೊಟ್ಟೆ ಹಿಡಿದುಕೊಂಡು ನಗಬೇಕೆಂದರೆ ಅಲ್ಲಾಡುವ ಹಾಗಿಲ್ಲ! ಕೂತಲ್ಲೇ ಬಾಯಿ ತುಂಬ ನಕ್ಕೆ. ದೂರದಿಂದಲೇ ಫೋಟೊ ತೆಗೆಯಲು ಮಾಮಾನ ಕೈಯಲ್ಲಿ ಉದ್ದ ವಾಯರಿನ ಒಂದು ಗುಂಡಿ ಇತ್ತು, ಚಾದರದೊಳಗಿಂದಲೇ ಅದನ್ನು ಒತ್ತಿದ. ಧಡ್!

ಕೆಳಗೆ ಬಂದು ಲ್ಯಾಪ್‌ಟಾಪಿನಲ್ಲಿ ತಪಾಸಣೆ ಶುರುವಾಯಿತು. ಮಾಮಾ ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗಿಸಿದ. ಕೂದಲು ನೋಡಿದ. ಹುಬ್ಬು ನೋಡಿದ. ಹಲ್ಲು ನೋಡಿದ. ಎಡಗೆನ್ನೆಗೆ ಬಂದು ನಿಂತ. ಹಿಗ್ಗಿಸಿದ, ಮತ್ತೆ ಹಿಗ್ಗಿಸಿದ. ಆ ಗುರುತು ಪರದೆಯ ತುಂಬ ಗೋದಾವರಿಯಂತೆ ಹರಿಯಿತು. ಹಳೆಯ ಹೊಲಿಗೆಗಳು ಒಂದೊಂದಾಗಿ ಕಂಡವು. ನನ್ನ ನಗು ಎಲ್ಲಿಗೋ ಹೋಯಿತು. ಇವನು ನೋಡುತ್ತಿರುವುದು ಯಾವ ಕಣ್ಣಿನಿಂದ ಎಂದು ನನಗೆ ಗೊತ್ತಿಲ್ಲವೇ? ಹೂಜಿಯ ಮೇಲಿನ ಕೂದಲೆಳೆಯ ಗೀರಿಗೂ ಕೆಂಪು ಚುಕ್ಕೆ ಹಚ್ಚುವ ಮನುಷ್ಯ!

"ತಮ್ಮಾ, ಅದೊಂದು ಅಳಿಸಿಬಿಡೋ," ಎಂದಳು ಅವ್ವ ಮೆಲ್ಲಗೆ.

ಮಾಮಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಅಕ್ಕಾ, ಗೀರು ಇದ್ದದ್ದೆಲ್ಲಾ ಡಿಫೆಕ್ಟ್ ಅಲ್ಲ. ಕೆಲಸ ಕೆಡಿಸಿದ್ರ ಡಿಫೆಕ್ಟ್. ಇದು ಯಾವ ಕೆಲಸ ಕೆಡಿಸ್ಯಾದ ಹೇಳು? ಉಣ್ಣಲಾಕ ಬರ್ತದ. ನಗಲಾಕ ಬರ್ತದ. ನಿನಗ ತಿರುಗಿ ಮಾತಾಡಲಾಕಂತೂ ಭಾಳ ಚಲೋ ಬರ್ತದ."

ಜೇಬಿನಿಂದ ಹಾಳೆ ತೆಗೆದ. ಕೆಂಪಲ್ಲ, ಇನ್ನೊಂದು. ಕಾರ್ಖಾನೆಯಿಂದ ಆಚೆ ಎಂದೂ ಉಪಯೋಗಕ್ಕೆ ಬಾರದೆ ಅಂಚೆಲ್ಲ ಮಾಸಿ ಮಡಚಿಹೋಗಿದ್ದ ಹಸಿರು ಚುಕ್ಕೆಗಳ ಹಾಳೆ. ಒಂದನ್ನು ಕಿತ್ತು ಪರದೆಯ ಮೂಲೆಗೆ ಅಂಟಿಸಿದ.

"ಪಾಸ್."

ಮಾಮಿ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟಳು. "ಏನಂದ್ರಿ? ಇನ್ನೊಮ್ಮೆ ಅನ್ರಿ. ಈ ಶಬ್ದ ನಿಮ್ಮ ಬಾಯಾಗ ಮದುವಿಯಾದಾಗಿಂದ ಕೇಳಿಲ್ಲ ನಾ!"

ಈಗ ಫೋಟೊ ಕಳಿಸುವ ಸಂಗತಿ. ಔರಂಗಾಬಾದಿನಲ್ಲೇ ಬಟ್ಟೆ ಅಂಗಡಿ ಇಟ್ಟಿದ್ದ ಬೀದರಿನವರ ಒಂದು ಮನೆತನವಿತ್ತು. ಪೋಸ್ಟ್‌ಕಾರ್ಡಿನಷ್ಟು ಒಂದು ಪ್ರತಿ ಮಾಡಿಸಿ ಅವರಿಗೆ ಕೊಡು ಎಂದು ಅವ್ವ ಮಾಮಾನಿಗೆ ಹೇಳಿದ್ದಳು. "ಇಷ್ಟು ಪಿಕ್ಸೆಲ್ ಪೋಸ್ಟ್‌ಕಾರ್ಡಿನಾಗ ತುಂಬಿದ್ರ ಉಸಿರು ಕಟ್ಟಿ ಸಾಯ್ತಾವ, ಅಕ್ಕಾ!" ಎಂದವನು ಚಾಪೆಯಷ್ಟು ದೊಡ್ಡದಾಗಿ ಪ್ರಿಂಟು ಹಾಕಿಸಿದ. ಸುರುಳಿ ಸುತ್ತಿ ನಳದ ಪೈಪಿನೊಳಗೆ ತೂರಿಸಿ, ಹೆಗಲ ಮೇಲೆ ಹೊತ್ತು ಅಂಗಡಿಗೆ ಹೋದ.

"ನಳದವರೇನ್ರಿ? ಹಿಂದಿನ ಬಾಗಿಲಿಂದ ಬರ್ರಿ, ಸೋರೋದು ಅಲ್ಲೇ," ಎಂದರಂತೆ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಹುಡುಗನ ಅಜ್ಜಿ.

"ನಳದವ ಅಲ್ರಿ, ಹೆಣ್ಣಿನ ಸೋದರಮಾವ!" ಎಂದು ಮಾಮಾ ಕೌಂಟರಿನ ಮೇಲೆ ನನ್ನನ್ನು ಉರುಳಿಸಿ ಬಿಚ್ಚಿದ. ಸೀರೆ ಕೊಳ್ಳಲು ಬಂದವರೆಲ್ಲ ಸೀರೆ ಬಿಟ್ಟು ನನ್ನ ಕೆನ್ನೆ ನೋಡಿದರಂತೆ. ಇದನ್ನು ಕೇಳಿ ನಾನು ಎರಡು ಹೊತ್ತು ಊಟ ಬಿಟ್ಟೆ.

ಆದರೂ ಅವರು ಬಂದರು. ಹುಡುಗ ಮತ್ತು ಆ ಅಜ್ಜಿ. ನಾನು ಪೋಹೆ ಕೊಟ್ಟು, ರೂಢಿಯಂತೆ ಮುಖ ಎಡಕ್ಕೆ ತಿರುಗಿಸಿ ಕೂತೆ.

"ಯಾಕ ಯವ್ವಾ, ಕುತಿಗಿ ಹಿಡದಾದೇನು?" ಎಂದರು ಅಜ್ಜಿ. "ನೆಟ್ಟಗ ಕೂಡು. ಆ ಮಾರಿ ನಾವು ಕೌಂಟರ್ ಮ್ಯಾಲ ಹಾಸಿ ಮೂಲಿ ಮೂಲಿ ನೋಡೀವಿ. ನೋಡೋದು ಮುಗೀತು. ಈಗ ಮಾತಾಡು, ದನಿ ಕೇಳೋಣು. ಅದೊಂದು ಫೋಟೋದಾಗ ಇರಲಿಲ್ಲ."

ಏನು ಮಾತಾಡಲಿ? ಆಗ ಹುಡುಗ ಕೇಳಿದ: "ಅಷ್ಟು ನಗಲಾಕ ಏನಾಗಿತ್ರಿ?"

ಚಾದರದ ಕಥೆ ಹೇಳಿದೆ. ಮಾಮಾ ಮೂಲೆಯಲ್ಲಿ ಕೂತು "ಗಾಳಿ ದಿಕ್ಕು ಬದಲಾಯ್ತು, ಅದಕ್ಕ" ಎಂದು ಸಮಜಾಯಿಷಿ ಕೊಡುತ್ತಿದ್ದ. ಅಜ್ಜಿ ನಕ್ಕು ನಕ್ಕು ಪೋಹೆ ನೆತ್ತಿಗೇರಿಸಿಕೊಂಡರು. ಮುಂದಿನದು ನಿಮಗೆ ತಿಳಿಯಿತಲ್ಲ.

ಮದುವೆಗೆ ಮಾಮಾ ಆ ಡಬ್ಬಿ ತಂದಿದ್ದ. ಮುಕ್ಕಾಲಿ ಊರಿ, ಬೆಳಕು ಅಳೆದು, ಸಿದ್ಧನಾಗುವಷ್ಟರಲ್ಲಿ ಅಕ್ಕಿಕಾಳು ಬಿದ್ದು, ಊಟ ಮುಗಿದು, ಪೆಂಡಾಲಿನವರು ಕುರ್ಚಿ ಮಡಚುತ್ತಿದ್ದರು. ಮಡಚಿದ ಕುರ್ಚಿಗಳ ಬಹಳ ಒಳ್ಳೆಯ ಫೋಟೊ ನಮ್ಮಲ್ಲಿದೆ.

ಉಳಿದದ್ದೆಲ್ಲ ಒಬ್ಬ ಸ್ಟುಡಿಯೋದವನು ತೆಗೆದದ್ದು. ತಿಂಗಳಾದ ಮೇಲೆ ಆಲ್ಬಮ್ ಮನೆಗೆ ಬಂತು. ಅಂದು ಮಾಮಾ, ಮಾಮಿ ನಮ್ಮಲ್ಲಿ ಊಟಕ್ಕೆ ಬಂದಿದ್ದರು. ನಮ್ಮವರು, ಅಂದರೆ ಆ ಹುಡುಗ, ಆಲ್ಬಮ್ ತೊಡೆಯ ಮೇಲಿಟ್ಟುಕೊಂಡು ಪುಟ ತಿರುಗಿಸಿದರು. ಅವರ ಪಕ್ಕದಲ್ಲಿ ತಾಳಿ ಕಟ್ಟಿಸಿಕೊಳ್ಳುತ್ತಾ ನಿಂತಿದ್ದವಳು ಹಾಲಿನ ಬಣ್ಣದ ಯಾರೋ ಒಬ್ಬ ಹುಡುಗಿ. ಎಡಗೆನ್ನೆ ನುಣ್ಣಗೆ. ಎಲ್ಲ ಪುಟಗಳಲ್ಲೂ ನುಣ್ಣಗೆ.

ನಾನು ಮಾಮಾನ ಕಡೆ ನೋಡಿದೆ. ಅವನ ಬಾಯಿಂದ ಬರುವ ಶಬ್ದ ನನಗೆ ಗೊತ್ತಿತ್ತಲ್ಲ. ಅವನು ಬಾಯಿ ತೆರೆಯುವಷ್ಟರಲ್ಲಿ ನಮ್ಮವರು ಆಲ್ಬಮ್ ಮುಚ್ಚಿದರು.

"ರಿಜೆಕ್ಟ್," ಎಂದರು. ಆಲ್ಬಮ್ ಕಂಕುಳಲ್ಲಿಟ್ಟು ಚಪ್ಪಲಿ ಮೆಟ್ಟಿದರು. "ಅಳಿಸಿದ್ದು ವಾಪಸ್ ಹಾಕಿಸಿಕೊಂಡು ಬರ್ತೀನಿ."

"ಒಂದು ನಿಮಿಷ ನಿಲ್ರಿ, ಅಳಿಯಾರ," ಎಂದು ಮಾಮಾ ಊಟದಿಂದ ಎದ್ದ. ಕೈ ತೊಳೆದು, ಒರೆಸಿ, ಆರಿಸಿದ. ಕನ್ನಡಕ ಹಣೆಗೇರಿಸಿ ಅವರನ್ನು ತಲೆಯಿಂದ ಕಾಲವರೆಗೆ ಒಮ್ಮೆ ನೋಡಿದ. ಜೇಬಿನಿಂದ ಮಾಸಿದ ಆ ಹಾಳೆ ತೆಗೆದು, ಒಂದು ಹಸಿರು ಚುಕ್ಕೆ ಕಿತ್ತು, ಅವರ ಅಂಗಿಯ ಮೇಲೆ ಅಂಟಿಸಿದ.

ನಮ್ಮವರು ಅದನ್ನು ತೆಗೆಯದೆ ಹಾಗೇ ಸ್ಟುಡಿಯೋಗೆ ಹೋದರು.