ಬಿದಿರಿನ ಪಟ್ಟಿ

ಪುಸ್ತಕ ಬೈಂಡಿಂಗ್ ಕೆಲಸಕ್ಕೆ ನಾನೇ ಸಾಮಾನು ಮಾಡ್ಕೊಳ್ಳಕ್ಕೆ ಕೂತಾಗಲೆಲ್ಲ ಮನೇಲಿ ಏನಾದರೊಂದು ಆಗೋದು. ಆಮೇಲೆ ನಗು.

ಮೂಳೆ

ಕಾಗದದ ಮಡಿಕೆ ಗೀರಿ ಕೂರಿಸಲು ಒಂದು ಪಟ್ಟಿ ಬೇಕು. ಮೂಳೇದು ಒಳ್ಳೇದು. ಕಟುಕರ ಅಂಗಡಿಯಿಂದ ತಂದು, ಬೇಯಿಸಿ, ಕಲ್ಲಿಗೆ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದೆ. ಜಗಲಿ ಮೇಲೆ ಒಣಗಲು ಇಟ್ಟೆ. ನಾಯಿ ಕಚ್ಕೊಂಡು ಹೋಯ್ತು. ಬನ್ನಿಮಂಟಪದವರೆಗೂ ಅಟ್ಟಿದೆ. ಸಿಗಲಿಲ್ಲ.

ನನ್ನಾಕೆ ಬಾಗಿಲಲ್ಲೇ ನಿಂತಿದ್ದಳು. "ನಾಯಿಗೆ ಗೊತ್ತಾಯ್ತು ಕಣ್ರೀ ಅದು ಮೂಳೆ ಅಂತ. ನೀವೇ ಇನ್ನೂ ಸಾಮಾನು ಅಂತಿದ್ರಿ."

ದೋಸೆ

ಆಮೇಲೆ ಬಿದಿರು ಸೀಳಿದೆ. ಗಾಜಿನ ಚೂರಲ್ಲಿ ಹೆರೆದು ಎಣ್ಣೆ ಕುಡಿಸಿದೆ. ಕೈಗೆ ಚೆನ್ನಾಗಿ ಕೂತಿತು. ಬೆಳಿಗ್ಗೆ ನೋಡಿದರೆ ಇಲ್ಲ. ಒಲೆ ಮುಂದೆ ಅವಳು ಅದರಲ್ಲೇ ಈರುಳ್ಳಿ ದೋಸೆ ಮಗುಚುತ್ತಿದ್ದಳು.

"ಏನೇ ಇದು?"

"ಕಾಗದ ಮಡಚೋದು, ದೋಸೆ ಮಡಚೋದು, ಎರಡೂ ಒಂದೇ ಬುಡಿ."

ಕಿತ್ತುಕೊಂಡೆ. ಒರೆಸಿ ಕೆಲಸಕ್ಕೆ ಕೂತೆ. ಪುಸ್ತಕ ಒಯ್ಯಲು ಬಂದ ಮೇಷ್ಟ್ರು ಮೂಸಿ ನೋಡಿ ಕೇಳಿದರು, "ಅಂಟಿಗೆ ಈರುಳ್ಳಿ ಹಾಕ್ತೀಯೇನಯ್ಯ?"

ಆಯುಧಪೂಜೆ

ಪೂಜೆಗೆ ಇಟ್ಟ ಸಾಮಾನು ಆವತ್ತು ಮುಟ್ಟಬಾರದು. ಒಂದು ದಿನವಾದರೂ ಪಟ್ಟಿ ನನ್ನದಾಗಿರಲಿ ಅಂತ ದಬ್ಬಳ, ಕತ್ತಿ, ಸುತ್ತಿಗೆ ಪಕ್ಕ ಅದನ್ನೂ ಇಟ್ಟೆ.

"ಇದು ನನ್ನ ಆಯುಧ ಕಣೇ" ಅಂದೆ.

ಅವಳು ಒಳಗೆ ಹೋಗಿ ಸೌಟು, ಈಳಿಗೆಮಣೆ, ಹೆಂಚು, ಮುದ್ದೆ ಕೋಲು ಎಲ್ಲ ತಂದು ಸಾಲಾಗಿ ಇಟ್ಟಳು. ಹೂವು ಮುಡಿಸಿ ಕೂತಳು.

ಮಧ್ಯಾಹ್ನ ಆಯ್ತು. "ಊಟ?" ಅಂದೆ.

"ನನ್ನ ಆಯುಧಾನೂ ಪೂಜೇಲಿ ಕೂತವೆ. ಮುಟ್ಟೋ ಹಂಗಿಲ್ಲ."

"ಹೊಟ್ಟೆ?"

"ಅದ್ಕೂ ಕುಂಕುಮ ಇಟ್ಟು ಕೂರ್ಸಿ."

ಇಬ್ಬರೂ ಬಾಳೆಹಣ್ಣು ತಿಂದು ಮಲಗಿದೆವು. ಮಾರನೇ ದಿನದಿಂದ ಪಟ್ಟಿ ಅವಳ ಒಲೆ ಹತ್ತಿರವೇ ಉಳೀತು. ನಾನು ಇನ್ನೊಂದು ಸೀಳಿಕೊಂಡೆ.

ಈ ಸಲ

ಅವಳು ತೀರಿಕೊಂಡ ವರ್ಷ ನಾನು ಹಬ್ಬ ಮಾಡಲಿಲ್ಲ. ಈ ಸಲ ಮಾಡಿದೆ. ನನ್ನ ಸಾಮಾನು ಇಟ್ಟೆ. ಅವಳವೂ ಇಟ್ಟೆ, ಸೌಟು, ಈಳಿಗೆಮಣೆ, ಹೆಂಚು. ಆ ಪಟ್ಟಿ ಯಾರ ಸಾಲಿಗೆ ಇಡೋದು ಅಂತ ಸುಮಾರು ಹೊತ್ತು ಕೈಯಲ್ಲೇ ಹಿಡಿದಿದ್ದೆ. ಅವಳ ಸೌಟಿನ ಪಕ್ಕ ಇಟ್ಟೆ.

ಇನ್ನು ಅಡುಗೆ ಇಲ್ಲ. ಬೀದಿ ಕೊನೆ ಹೋಟೆಲಿಗೆ ನಡೆದೆ. ಅಡುಗೆಯವನು ಹೊಸ ಪಂಚೆ ಉಟ್ಟು ಬಾಗಿಲಲ್ಲಿ ಕೂತಿದ್ದ. ಒಳಗೆ ದೋಸೆ ಕಲ್ಲಿಗೆ ಚೆಂಡುಹೂವಿನ ಹಾರ.

"ಇವತ್ತು ಏನೂ ಇಲ್ಲ ಯಜಮಾನ್ರೇ. ನಮ್ಮ ಅಮ್ಮಾವ್ರು ಸೌಟು, ಕಲ್ಲು ಎಲ್ಲಾನೂ ಪೂಜೆಗಿಟ್ಟವ್ರೆ. ಮುಟ್ಟೋ ಹಂಗಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬಂತು. ಅವನಿಗೆ ಗಾಬರಿ.

"ಬಾಳೆಹಣ್ಣು ಅವೆ, ಕೊಡ್ಲಾ?"

"ಕೊಡಪ್ಪ. ಚೂರು ಕುಂಕುಮಾನೂ ಕೊಡು."

"ಕುಂಕುಮ ಯಾತಕ್ಕೆ?"

"ಹೊಟ್ಟೆಗೆ."