ಒಂದೇ ರೋಲರಿನ ಗುಂಗುರು

ಭಾನುವಾರದ ಘಟನೆಗಳ ಕ್ರಮ ಹೀಗಿತ್ತು: ಬೆಳಿಗ್ಗೆ ತಿಂಡಿಯಾದ ಮೇಲೆ ಚಿಕ್ಕಪ್ಪನ ಯಂತ್ರದ ಪ್ರಾತ್ಯಕ್ಷಿಕೆ, ಮಧ್ಯಾಹ್ನ ಬಚ್ಚಲುಮನೆಯ ಅನಾಹುತ, ಸಂಜೆ ಪಕ್ಕದ ಮನೆಯ ನಿಹಾರಿಕಾಳ ಭರತನಾಟ್ಯ ರಂಗಪ್ರವೇಶ. ಈ ಮೂರಕ್ಕೂ ನಾನು ಪ್ರತ್ಯಕ್ಷ ಸಾಕ್ಷಿ. ಮೂರರ ನಡುವೆ ಸಂಬಂಧವಿದೆ ಎಂಬುದು ಮಧ್ಯಾಹ್ನದವರೆಗೆ ಯಾರಿಗೂ ತಿಳಿದಿರಲಿಲ್ಲ. ತಿಳಿದ ಮೇಲೆ ಯಾರಿಗೂ ಕೂರಲು ಪುರುಸೊತ್ತು ಸಿಗಲಿಲ್ಲ.

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ತುಮಕೂರಿನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು ಮುಂದಿನ ಪರೀಕ್ಷೆಗೆ ಓದುತ್ತಿದ್ದೇನೆ. ಓದುವುದು ಉದ್ದೇಶ ಮಾತ್ರ. ಚಿಕ್ಕಪ್ಪ ರುದ್ರಮುನಿಯವರು ವೈರ್‌ಲೆಸ್ ರಿಪೇರಿಯ ಕೆಲಸದಿಂದ ನಿವೃತ್ತರಾದಂದಿನಿಂದ ನನ್ನ ಸಮಯವೆಲ್ಲ ಅವರ ಯಂತ್ರಗಳ ಪರಿಣಾಮಗಳನ್ನು ಒರೆಸಿ ಗುಡಿಸುವುದರಲ್ಲಿ ಕಳೆಯುತ್ತಿದೆ. ಕಾಯಿ ತುರಿಯುವ ಯಂತ್ರವು ಚಾವಣಿಗೆ ಎರಚಿದ ತುರಿಯನ್ನು ಕೆರೆದು ತೆಗೆದ ಕೈನೋವು ಆ ಭಾನುವಾರ ಇನ್ನೂ ಹೋಗಿರಲಿಲ್ಲ.

ಈ ಬಾರಿಯ ಯಂತ್ರಕ್ಕೆ ಕಾರಣ ಚಿಕ್ಕಮ್ಮ ಕಾತ್ಯಾಯಿನಿ. ರಂಗಪ್ರವೇಶಕ್ಕೆ ಗುಂಗುರು ಕೂದಲಿನಲ್ಲಿ ಹೋಗಬೇಕೆಂಬ ಆಸೆಯಿಂದ ಅವರು ಒಂದು ಪೆಟ್ಟಿಗೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ರೋಲರುಗಳನ್ನು ತಂದಿದ್ದರು. ಒದ್ದೆ ಕೂದಲನ್ನು ಎಳೆ ಎಳೆಯಾಗಿ ರೋಲರಿಗೆ ಸುತ್ತಿ, ಪಿನ್ನು ಚುಚ್ಚಿ, ಒಣಗುವವರೆಗೆ ಕಾಯಬೇಕು.

"ಇಪ್ಪತ್ತು ರೋಲರ್ ಸುತ್ಕೊಂಡು ಅರ್ಧ ದಿನ ಕೂರೋದಾ? ಇದೇನು ತಲೆಯೋ, ನೂಲಿನ ಗಿರಣಿಯೋ?" ಎಂದರು ಚಿಕ್ಕಪ್ಪ.

"ನೀವೇನು ಸುತ್ತಿಕೊಡ್ತೀರಾ? ಇಲ್ವಲ್ಲ. ಸುಮ್ನಿರಿ."

"ಸುತ್ತೋದೇ ಬೇಡ ಕಣೆ. ಒಂದೇ ಸಾಕು."

ಅವರು ಮೇಜಿನ ಮೇಲಿಟ್ಟದ್ದು ಹಳೆಯ ವೈರ್‌ಲೆಸ್ ಸೆಟ್ಟಿನ ಡಬ್ಬಿ. ಅದರಿಂದ ಹೊರಟ ತಾಮ್ರದ ತಂತಿಯ ತುದಿಯಲ್ಲಿ ಒಂದೇ ಒಂದು ಗುಲಾಬಿ ರೋಲರ್ ಇತ್ತು.

"ಒಂದು ತಲೆಯಲ್ಲಿ ಬೆಳೆದ ಕೂದಲಿಗೆಲ್ಲ ಒಂದೇ ಕಂಪನ ಇರುತ್ತೆ ಪುಟ್ಟಿ. ಒಂದೆಳೆಗೆ ಸುರುಳಿ ಆಗೋದು ಕಲಿಸಿದ್ರೆ ಮಿಕ್ಕಿದ್ದಕ್ಕೂ ಗೊತ್ತಾಗಿಬಿಡುತ್ತೆ."

"ಅವಕ್ಕೆ ಯಾರು ಹೇಳ್ತಾರೆ ಚಿಕ್ಕಪ್ಪ?"

"ಹೇಳೋದ್ಯಾಕೆ? ಎಲ್ಲಾ ಒಂದೇ ಮನೆಯವಲ್ವಾ?"

"ಒಂದೇ ಮನೇಲಿದ್ದು ನಾನು ಹೇಳಿದ್ದು ನಿಮಗೆ ಗೊತ್ತಾಗಲ್ಲ" ಎಂದರು ಚಿಕ್ಕಮ್ಮ. ಆದರೂ ಕಿವಿಯ ಪಕ್ಕದ ಒಂದು ಎಳೆಯನ್ನು ರೋಲರಿಗೆ ಸುತ್ತಿಸಿಕೊಂಡರು.

ಚಿಕ್ಕಪ್ಪ ಗುಂಡಿ ಒತ್ತಿದರು. ಡಬ್ಬಿ ಸ್ವಲ್ಪ ಹೊತ್ತು ಗುಂಯ್ ಎಂದಿತು. ಬಳಿಕ ಚಿಕ್ಕಮ್ಮನ ಬೆನ್ನ ಮೇಲಿದ್ದ ನೇರ ಕೂದಲು, ಯಾರೂ ಮುಟ್ಟದೆ, ತುದಿಯಿಂದ ಬುಡದವರೆಗೆ ಸುರುಳಿ ಸುತ್ತಿಕೊಂಡು ಭುಜದ ಮೇಲೆ ಬಂದು ಕುಳಿತಿತು. ತಾತ್ವಿಕವಾಗಿ ಇದು ಅಸಾಧ್ಯವೆಂದು ನಾನು ವಾದಿಸಬಹುದಿತ್ತು. ಚಿಕ್ಕಮ್ಮ ಕನ್ನಡಿಯ ಮುಂದಿನಿಂದ ಏಳುತ್ತಿರಲಿಲ್ಲವಾದ್ದರಿಂದ ವಾದಿಸಲಿಲ್ಲ.

ಮಧ್ಯಾಹ್ನ ಬಚ್ಚಲುಮನೆಯಲ್ಲಿ ಪಿಸ್ತೂಲು ಸಿಡಿದಂಥ ಸದ್ದಾಯಿತು. ಹೋಗಿ ನೋಡಿದರೆ, ನೀರು ಹೋಗುವ ತೂತಿನ ಜಾಲರಿ ಹಾರಿ ಬಕೆಟ್ಟಿಗೆ ಬಡಿದು ಬಿದ್ದಿತ್ತು. ತೂತಿನೊಳಗಿಂದ ಕಪ್ಪು ಸ್ಪ್ರಿಂಗೊಂದು ಮೊಳದುದ್ದ ಮೇಲೆದ್ದು ತೂಗುತ್ತಿತ್ತು. ವರ್ಷಗಳಿಂದ ಅಲ್ಲಿ ಸಿಕ್ಕಿಕೊಂಡಿದ್ದ ಚಿಕ್ಕಮ್ಮನ ಕೂದಲು ಅದು, ಬೆಳಿಗ್ಗೆಯಿಂದ ಜಾಲರಿಯ ಕೆಳಗೆ ಸುರುಳಿ ಬಿಗಿಯುತ್ತಿತ್ತು. ಅಷ್ಟರಲ್ಲಿ, ಅವರು ಬಾಚಣಿಗೆಯ ಕೂದಲನ್ನು ಉಂಡೆ ಕಟ್ಟಿ ಇಡುತ್ತಿದ್ದ ಕಿಟಕಿಯ ಮೇಲಿನ ಡಬ್ಬದ ಮುಚ್ಚಳವೂ ಹಾರಿ ಕೆಳಗೆ ಬಿತ್ತು. ಉಂಡೆಗಳು ಒಂದೊಂದಾಗಿ ಕುಪ್ಪಳಿಸಿ ನೆಲಕ್ಕಿಳಿದವು. ನಾನು ಪೊರಕೆ ತಂದೆ.

ಚಿಕ್ಕಪ್ಪನಿಗೆ ಮಾತ್ರ ಆನಂದ. "ನೋಡ್ದ್ಯಾ, ಉದುರಿ ಹೋದ ಕೂದಲೂ ಮರೆತಿಲ್ಲ!"

"ಹಾಗಾದರೆ ಈ ತಲೆಯ ಕೂದಲು ಎಲ್ಲೇ ಇದ್ದರೂ ಸುರುಳಿಯಾಗುತ್ತದೆ" ಎಂದು ನಾನು ತೀರ್ಮಾನಿಸಿದೆ.

ಚಿಕ್ಕಮ್ಮ ಮೆಲ್ಲಗೆ ಸ್ಟೂಲಿನ ಮೇಲೆ ಕುಳಿತರು. "ಚೌರಿ" ಎಂದರು.

ಹಿಂದಿನ ವರ್ಷ ಎರಡು ಡಬ್ಬದಷ್ಟು ಉದುರು ಕೂದಲನ್ನು ಊರಿನ ಚೌರಿ ಕಟ್ಟುವವರಿಗೆ ಕೊಟ್ಟು, ಜಡೆಗೆ ಸೇರಿಸಿ ಹೆಣೆಯುವ ಉದ್ದನೆಯ ಚೌರಿಯೊಂದನ್ನು ಚಿಕ್ಕಮ್ಮ ಕಟ್ಟಿಸಿದ್ದರು. ಮಿಕ್ಕ ಕೂದಲನ್ನು ಕಟ್ಟುವವರೇ ಇಟ್ಟುಕೊಂಡಿದ್ದರು. ಆ ಚೌರಿ ಈಗ ನಿಹಾರಿಕಾಳ ಜಡೆಯಲ್ಲಿತ್ತು. ಅವಳ ತಾಯಿ ವಿಮಲಾಕ್ಷಿಗೂ ಚಿಕ್ಕಮ್ಮನಿಗೂ ಮಾತು ನಿಂತು ಒಂದು ವರ್ಷವಾಗಿತ್ತು. ಕಾರಣ, ನಮ್ಮ ಮಹಡಿಯ ಒದ್ದೆ ಬಟ್ಟೆಯ ನೀರು ಅವರ ಹಪ್ಪಳದ ಮೇಲೆ ತೊಟ್ಟಿಕ್ಕಿದ್ದು. ಹೋದ ವಾರ ವಿಮಲಾಕ್ಷಿಯವರೇ ಗೇಟಿಗೆ ಬಂದು, ಮಗಳ ಜಡೆಗೆ ಚೌರಿ ಬೇಕಿತ್ತು ಎಂದು ಕೇಳಿದ್ದರು. ಚೌರಿ ಆ ಕಡೆ ಹೋದ ದಿನವೇ ಕಾಂಪೌಂಡಿನ ಮೇಲಿಂದ ಈ ಕಡೆಗೆ ಸಾರಿನ ಪಾತ್ರೆ ಬಂದಿತ್ತು.

ಚಿಕ್ಕಮ್ಮ ಫೋನು ಮಾಡಿದರು. ಅತ್ತಲಿನ ಧ್ವನಿ ನನಗೂ ಕೇಳಿಸುತ್ತಿತ್ತು.

"ಅಯ್ಯೋ ಕಾತ್ಯಾಯಿನಿಯವರೇ, ಏನಾಗಿದೆಯೋ ಈ ಜಡೆಗೆ! ಸೊಂಟದ ಕೆಳಗಿದ್ದದ್ದು ಕತ್ತಿಗೆ ಬಂದು ಕೂತಿದೆ. ಮೇಕಪ್ಪಿನವರು ಎಳೆದೂ ಎಳೆದೂ ಸಾಕಾಗಿದ್ದಾರೆ."

ಗಾಬರಿಯಾದಾಗ ಕಿವಿಯ ಪಕ್ಕದ ಕೂದಲನ್ನು ಜಗ್ಗುವುದು ಚಿಕ್ಕಮ್ಮನ ಅಭ್ಯಾಸ. ರೋಲರಿಗೆ ಸುತ್ತಿದ್ದ ಅದೇ ಎಳೆಯನ್ನು ಜಗ್ಗಿದರು. ತಕ್ಷಣ ಅವರ ತಲೆಯ ಗುಂಗುರೆಲ್ಲ ಬಿಚ್ಚಿ ಕೂದಲು ನೇರವಾಗಿ ಇಳಿಯಿತು.

"ಈಗ ಸರಿಹೋಯ್ತು ನೋಡಿ" ಎಂದಿತು ಫೋನು.

ಕೈ ಬಿಟ್ಟರು. ತಲೆ ಮತ್ತೆ ಗುಂಗುರಾಯಿತು.

"ಅಯ್ಯೋ, ಮತ್ತೆ ಮೇಲಕ್ಕೆ ಹೋಯ್ತು" ಎಂದಿತು ಫೋನು.

ನಿಯಮ ಸ್ಪಷ್ಟವಾಗಿತ್ತು. ಆ ಎಳೆಯನ್ನು ನೆಟ್ಟಗೆ ಹಿಡಿದಿರುವಷ್ಟು ಹೊತ್ತು ಎಲ್ಲವೂ ನೆಟ್ಟಗಿರುತ್ತದೆ. ಯಂತ್ರವನ್ನು ಆರಿಸಿದರೂ ಪ್ರಯೋಜನವಾಗಲಿಲ್ಲ. ಎಳೆಯ ತುದಿಗೆ ನೀರು ತುಂಬಿದ ಚೊಂಬು ಕಟ್ಟಿ ನೋಡಿದೆವು. ಫಲಿತಾಂಶ ಚೆನ್ನಾಗಿತ್ತು, ಆದರೆ ಚಿಕ್ಕಮ್ಮ ಚೊಂಬು ತೂಗಿಬಿಟ್ಟುಕೊಂಡು ಸಭಾಂಗಣಕ್ಕೆ ಬರಲು ಒಪ್ಪಲಿಲ್ಲ. ಕೈಯಲ್ಲೇ ಹಿಡಿದುಕೊಂಡರು. ಬೇರೆಯವರು ಹಿಡಿದರೆ ಏನಾಗುತ್ತದೆಂದು ಪರೀಕ್ಷಿಸುವ ವ್ಯವಧಾನ ಯಾರಿಗೂ ಇರಲಿಲ್ಲ.

"ಅವರಿಗೆ ಹೇಳಿಬಿಡೋಣ ಚಿಕ್ಕಮ್ಮ" ಎಂದೆ.

"ಹೇಳಿದ್ರೆ ಬೇಕು ಅಂತಲೇ ಮಾಡಿದ್ದು ಅಂತಾಳೆ. ಒಂದು ವರ್ಷ ಆ ಕಡೆ ಮುಖ ಮಾಡದೆ ಬಟ್ಟೆ ಒಣಗಿಸಿದ್ದೀನಿ ಕಣೇ. ಇನ್ನೊಂದು ವರ್ಷ ನನ್ನ ಕೈಲಾಗಲ್ಲ."

ಚಿಕ್ಕಪ್ಪ ತಲೆ ತಗ್ಗಿಸಿ ಡಬ್ಬಿಯ ತಿರುಪು ಬಿಚ್ಚಿದರು. ಉಲ್ಟಾ ಸರ್ಕ್ಯೂಟ್ ಮಾಡಲು ಮನೆಯಲ್ಲೇ ಉಳಿದರು.

ಸಭಾಂಗಣದಲ್ಲಿ ನಿರೂಪಣೆಯ ಹೊಣೆ ನನ್ನದು. ನನ್ನ ಕನ್ನಡ ಪಠ್ಯಪುಸ್ತಕದಂತಿದೆ ಎಂಬುದು ವಿಮಲಾಕ್ಷಿಯವರು ಕೊಟ್ಟ ಕಾರಣ. ಮೈಕಿನ ಪಕ್ಕದಿಂದ ನನಗೆ ಮುಂದಿನ ಸಾಲು ಚೆನ್ನಾಗಿ ಕಾಣುತ್ತಿತ್ತು. ಚಿಕ್ಕಮ್ಮ ಬಲಗೈಯಲ್ಲಿ ಎಳೆಯನ್ನು ಜಗ್ಗಿ ಹಿಡಿದು, ತಲೆ ವಾಲಿಸಿ ಕುಳಿತಿದ್ದರು.

"ಕಿವಿ ನೋವಾ?" ಎಂದು ಪಕ್ಕದವರು ಕೇಳಿದರು.

"ಹೂಂ."

"ಬೆಳ್ಳುಳ್ಳಿ ಎಣ್ಣೆ ಬಿಡಿ."

"ಹೂಂ."

ಮೊದಲ ನೃತ್ಯ ಅಲರಿಪು ಸುಗಮವಾಗಿ ಮುಗಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಿಕ್ಕಮ್ಮ ಎಡಗೈಯಿಂದ ತೊಡೆ ತಟ್ಟಿದರು. ಆಮೇಲಿನ ದೊಡ್ಡ ನೃತ್ಯ ವರ್ಣದ ನಡುವೆ ಕೈಸೋತು, ಎಳೆಯನ್ನು ಬಲಗೈಯಿಂದ ಎಡಗೈಗೆ ದಾಟಿಸಿದರು. ಆ ಒಂದು ಕ್ಷಣದಲ್ಲಿ ನಿಹಾರಿಕಾಳ ಜಡೆ ಸೊಂಟದಿಂದ ಗೇಣು ಮೇಲೆದ್ದು ಮತ್ತೆ ಇಳಿಯಿತು. ನಾಯಿಕೆ ಮುನಿಸಿಕೊಳ್ಳುವ ಸಾಲು ಅದು.

"ಆಹಾ, ಜಡೆಯಲ್ಲೂ ಅಭಿನಯ" ಎಂದರು ಹಿಂದಿನ ಸಾಲಿನ ಯಾರೋ.

ಅದೇ ಕ್ಷಣದಲ್ಲಿ ಮುಖ್ಯ ಅತಿಥಿಗಳಾದ ನಿವೃತ್ತ ಪ್ರಾಂಶುಪಾಲ ಮಹಾಲಿಂಗಪ್ಪನವರ ಮುಂಗೂದಲು ಎದ್ದು ಕುಳಿತದ್ದನ್ನು ನಾನು ಮಾತ್ರ ಗಮನಿಸಿದೆ. ಚೌರಿ ಕಟ್ಟುವವರು ಇಟ್ಟುಕೊಂಡ ಕೂದಲು ಎಲ್ಲಿ ಖರ್ಚಾಯಿತೆಂಬುದು ಹೀಗೆ ಗೊತ್ತಾಯಿತು. ನನಗೆ ಕುಳಿತುಕೊಳ್ಳಬೇಕೆನಿಸಿತು. ನಿರೂಪಕರಿಗೆ ಕುರ್ಚಿ ಇಟ್ಟಿರಲಿಲ್ಲ.

ಕೊನೆಯ ನೃತ್ಯವಾದ ತಿಲ್ಲಾನಕ್ಕೆ ಮೊದಲು ಅತಿಥಿಗಳ ಸನ್ಮಾನ. ಅದು ಮುಗಿದು ನಿಹಾರಿಕಾ ಆಶೀರ್ವಾದಕ್ಕೆಂದು ಮಹಾಲಿಂಗಪ್ಪನವರ ಕಡೆಗೆ ನಡೆಯುತ್ತಿದ್ದಾಗ ವಿಮಲಾಕ್ಷಿ ನನ್ನ ಕೈಯಿಂದ ಮೈಕು ತೆಗೆದುಕೊಂಡರು.

"ಪಟ್ಟೀಲಿ ಇಲ್ಲದ್ದು ಒಂದಿದೆ. ನಮ್ಮ ಪಕ್ಕದ ಮನೆ ಕಾತ್ಯಾಯಿನಿಯವರು ದಯವಿಟ್ಟು ಮೇಲೆ ಬರಬೇಕು. ಅವರಿಲ್ದಿದ್ರೆ ನನ್ನ ಮಗಳಿಗೆ ಇವತ್ತು ಈ ಜಡೆ ಇರ್ತಿರ್ಲಿಲ್ಲ."

ಸಭೆ ಚಪ್ಪಾಳೆ ತಟ್ಟಿತು. ನಾನು ಬೇಡವೆಂದು ತಲೆಯಾಡಿಸುತ್ತಿದ್ದರೂ ಚಿಕ್ಕಮ್ಮ ಎಳೆ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದರು. ವಿಮಲಾಕ್ಷಿ ತಟ್ಟೆ ಚಾಚಿದರು: ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಹಣ್ಣು, ರವಿಕೆ ಕಣ. ಫಲತಾಂಬೂಲವನ್ನು ಒಂದು ಕೈಯಲ್ಲಿ ತೆಗೆದುಕೊಳ್ಳುವುದೆಂದರೆ ನಮ್ಮಲ್ಲಿ ಬೇಡವೆಂದ ಹಾಗೆ.

ಚಿಕ್ಕಮ್ಮ ತಟ್ಟೆಯನ್ನು ನೋಡಿದರು. ವಿಮಲಾಕ್ಷಿಯ ಮುಖವನ್ನು ನೋಡಿದರು. ಎಳೆಯನ್ನು ಬಿಟ್ಟು, ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡರು.

ನಿಹಾರಿಕಾ ಆಗ ಮಹಾಲಿಂಗಪ್ಪನವರ ಪಾದ ಮುಟ್ಟುತ್ತಿದ್ದಳು. ಅವರು ಬಾಗಿ ಅವಳ ತಲೆಯ ಮೇಲೆ ಕೈಯಿಟ್ಟಿದ್ದರು. ಮಧ್ಯಾಹ್ನದಿಂದ ತಡೆಹಿಡಿದಿದ್ದ ಸುರುಳಿಯೆಲ್ಲ ಒಮ್ಮೆಗೇ ಬಿಡುಗಡೆಯಾಯಿತು. ಚಿಕ್ಕಮ್ಮನ ಕೂದಲು ಕೊಡೆಯಂತೆ ಅರಳಿತು. ಹುಡುಗಿಯ ಜಡೆ ಮಲ್ಲಿಗೆಯನ್ನು ಮೃದಂಗದವರ ಮೇಲೆ ಚೆಲ್ಲಿ ಮೇಲಕ್ಕೆ ಚಿಮ್ಮಿತು. ಅದರ ಕುಚ್ಚು ಮಹಾಲಿಂಗಪ್ಪನವರ ಮುಂಗೂದಲಿಗೆ ತಾಗಿತು, ಅದೂ ಅಷ್ಟೇ ಉತ್ಸಾಹದಿಂದ ಸುತ್ತಿಕೊಳ್ಳುತ್ತಿದ್ದುದರಿಂದ ಎರಡು ಸ್ಪ್ರಿಂಗುಗಳು ಒಂದಕ್ಕೊಂದು ಹೆಣೆದುಕೊಂಡವು. ನಿಹಾರಿಕಾ ಎದ್ದು ನಿಂತು ಸಭೆಗೆ ಕೈಮುಗಿದಳು. ಪ್ರಾಂಶುಪಾಲರ ವಿಗ್ಗು ಅವಳ ಜಡೆಯ ತುದಿಯಲ್ಲಿ ತೂಗುತ್ತಿತ್ತು.

ಯಾರೂ ನಗಲಿಲ್ಲ. ನಗಬಹುದೇ ಎಂದು ಎಲ್ಲರೂ ಮಹಾಲಿಂಗಪ್ಪನವರನ್ನು ನೋಡುತ್ತಿದ್ದರು. ಅವರು ಬೋಳು ತಲೆಯನ್ನು ಕರವಸ್ತ್ರದಿಂದ ಒರೆಸಿಕೊಂಡರು.

"ಇರ್ಲಿ ಬಿಡಮ್ಮ, ಸೆಕೆ ಆಗ್ತಿತ್ತು" ಎಂದರು. ಆಮೇಲೆ ಎಲ್ಲರೂ ನಕ್ಕರು.

ವಿಮಲಾಕ್ಷಿ ಮಾತ್ರ ನಗಲಿಲ್ಲ. ಮಗಳ ಜಡೆಯನ್ನೂ ಚಿಕ್ಕಮ್ಮನ ತಲೆಯನ್ನೂ ಒಂದೊಂದಾಗಿ ನೋಡಿದರು.

"ಆಗಿನಿಂದ ಕೂದಲು ಹಿಡ್ಕೊಂಡು ಕೂತಿದ್ರಲ್ಲ, ಇದಕ್ಕಾ?"

"ಹೂಂ. ನಮ್ಮ ಮನೆಯವರ ಯಂತ್ರ" ಎಂದರು ಚಿಕ್ಕಮ್ಮ.

"ಅಷ್ಟು ಹೊತ್ತು ಹಿಡ್ಕೊಂಡೋರು ಈಗ ಯಾಕ್ರೀ ಬಿಟ್ರಿ?"

"ನೀವು ಕೊಡೋದನ್ನ ಒಂದು ಕೈಲಿ ಹೆಂಗೆ ತಗೊಳ್ಳಲಿ?"

ನಾನು ಮುಂದಿನ ಒಂದು ವರ್ಷದ ಒಣಗುವ ಬಟ್ಟೆಗಳನ್ನು ನೆನೆದು ಆಯಾಸಪಟ್ಟೆ.

"ಯಾವ ಎಳೆ?" ಎಂದರು ವಿಮಲಾಕ್ಷಿ.

ಚಿಕ್ಕಮ್ಮ ತಲೆ ವಾಲಿಸಿ ತೋರಿಸಿದರು. ವಿಮಲಾಕ್ಷಿ ಮೈಕನ್ನು ನನಗೆ ಕೊಟ್ಟು, ಆ ಎಳೆಯನ್ನು ಬೆರಳಿಗೆ ಸುತ್ತಿ ಜಗ್ಗಿದರು. ಜಡೆ ಸರ್ರನೆ ಸೊಂಟದ ಕೆಳಗಿಳಿಯಿತು. ವಿಗ್ಗು ನೇರವಾಗಿ ಕಳಚಿ ಬಿತ್ತು. ಮಹಾಲಿಂಗಪ್ಪನವರು ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡರು.

"ಬನ್ನಿ ಈ ಕಡೆ, ತಿಲ್ಲಾನ ಇನ್ನೂ ಇದೆ. ತಟ್ಟೆ ಹುಷಾರು" ಎಂದು ವಿಮಲಾಕ್ಷಿ ಚಿಕ್ಕಮ್ಮನನ್ನು ಪರದೆಯ ಪಕ್ಕಕ್ಕೆ ಕರೆದುಕೊಂಡು ಹೋದರು. ತಿಲ್ಲಾನ ಮುಗಿಯುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದರು, ಒಬ್ಬರ ಕೈಯಲ್ಲಿ ತಾಂಬೂಲ, ಇನ್ನೊಬ್ಬರ ಕೈಯಲ್ಲಿ ಕೂದಲು. ಜಡೆ ಒಮ್ಮೆಯೂ ಮೇಲೇಳಲಿಲ್ಲ.

ಕಂಡುಬಂದ ಅಂಶ: ಎಳೆಯನ್ನು ನೆಟ್ಟಗೆ ಹಿಡಿಯಲು ಆ ತಲೆಯವರದೇ ಕೈ ಬೇಕೆಂದಿಲ್ಲ, ಪಕ್ಕದ ಮನೆಯವರು ಹಿಡಿದರೂ ಸಾಕು.