ಹೆಸರಿಲ್ಲದ ಗಾಡಿಗಳ ಫೋಟೋಗ್ರಾಫರ್

ನಮ್ಮ ಕಾಕಾನಷ್ಟು ರೈಲು ನೋಡಿದ ಮನುಷ್ಯ ಸಾಂಗ್ಲಿ-ಮಿರಜದಲ್ಲಿ ಇನ್ನೊಬ್ಬ ಸಿಗಲಾರ. ಅವರು ರೈಲು ಹತ್ತಿದ್ದನ್ನು ನೋಡಿದ ಮನುಷ್ಯನೂ ಸಿಗಲಾರ! ಎರಡನ್ನೂ ವಿಚಾರಿಸಿಯೇ ಬರೆಯುತ್ತಿದ್ದೇನೆ. ಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ ಸಂಬಂಧಿಕರ ಬಗ್ಗೆಯೂ ಎರಡು ಮೂಲಗಳಿಂದ ಖಚಿತಪಡಿಸಿಕೊಳ್ಳದೆ ಬರೆಯಲು ಕೈ ಬರುವುದಿಲ್ಲ. ಇಲ್ಲಿ ಒಂದು ಮೂಲ ಕಾಕು, ಅಂದರೆ ಕಾಕಾನ ಹೆಂಡತಿ, ನನ್ನ ಚಿಕ್ಕಮ್ಮ. ಎರಡನೆಯ ಮೂಲವೂ ಕಾಕುವೇ, ಆದರೆ ಬೇರೆ ದಿನ ಕೇಳಿದ್ದು.

ಕಾಕಾನದು ಸಾಂಗ್ಲಿ ಪೇಟೆಯಲ್ಲಿ ಅರಿಶಿನದ ಅಡತಿ ಅಂಗಡಿ, ಅಂದರೆ ದಲ್ಲಾಳಿ ವ್ಯಾಪಾರ. ಈಗ ಅದನ್ನು ಮಗ ನೋಡಿಕೊಳ್ಳುತ್ತಾನೆ. ಮನೆ ವಿಶ್ರಾಮಬಾಗದಲ್ಲಿ, ರೈಲು ಹಳಿಯಿಂದ ನೂರು ಹೆಜ್ಜೆ. ಮನೆ ಕೊಳ್ಳುವಾಗ ಉಳಿದವರು ನೀರು ಬರುತ್ತದೆಯೇ, ಗಾಳಿ ಬರುತ್ತದೆಯೇ ಎಂದು ಕೇಳುತ್ತಾರೆ. ಕಾಕಾ ಕೇಳಿದ್ದು ಒಂದೇ ಪ್ರಶ್ನೆ: ‘ಮಾಲಗಾಡಿ ದಿನಕ್ಕ ಎಷ್ಟ ಬರ್ತಾವ್ರಿ?’ ಮನೆ ಮಾರುವವನು ಗದ್ದಲದ ದೂರು ಬಂತೆಂದು ಹೆದರಿ, ‘ಭಾಳ ಕಡಿಮಿ, ಭಾಳ ಕಡಿಮಿ’ ಎಂದ. ವ್ಯವಹಾರ ಅಲ್ಲಿಗೇ ಮುರಿದುಬೀಳುವುದರಲ್ಲಿತ್ತು! ಪುಣ್ಯಕ್ಕೆ ಅದೇ ಹೊತ್ತಿಗೆ ಒಂದು ಮಾಲಗಾಡಿ ಗೋಡೆಯ ಕ್ಯಾಲೆಂಡರ್ ಅಲುಗಾಡಿಸುತ್ತ ಹೋಯಿತು. ಮನೆ ಕಾಕಾನದಾಯಿತು.

ಕಾಕಾ ತೆಗೆಯುವುದು ಎರಡೇ ಬಗೆಯ ಗಾಡಿಗಳ ಫೋಟೋ. ಒಂದು ಮಾಲಗಾಡಿ, ಇನ್ನೊಂದು ಪ್ಯಾಸೆಂಜರ್. ಎಕ್ಸ್‌ಪ್ರೆಸ್ ಬಂದರೆ ಹಳಿಗೆ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಯಾಕೆ ಎಂದು ಒಮ್ಮೆ ಕೇಳಿದೆ.

‘ಅವಕ್ಕ ಹೆಸರ ಅದಾವು. ಹೆಸರ ಇದ್ದವರ ಫೋಟೋ ತೆಗಿಯಾಕ ಮಂದಿಗೇನ ಕಮ್ಮಿ? ನಿಮ್ಮ ಪೇಪರನ್ಯಾಗ ದಿನಾ ಅದನ್ನ ಮಾಡ್ತೀರಿ.’

ಹಾಗಾದರೆ ಇಷ್ಟು ಪ್ರೀತಿಯ ಗಾಡಿಯನ್ನು ಹತ್ತಬಾರದೇಕೆ? ಕಾಕಾನ ತರ್ಕ ಸರಳ. ಗಾಡಿಯ ಒಳಗೆ ಕುಳಿತರೆ ಗಾಡಿ ಕಾಣುವುದಿಲ್ಲ! ಕಾಕುವಿನ ತವರು ರಾಯಬಾಗ, ಮಿರಜದಿಂದ ಬೆಳಗಾವಿ ಕಡೆಗೆ ಹೋಗುವ ಹಳಿಯ ಮೇಲೆ. ತವರಿನಲ್ಲಿ ಮದುವೆ ಬಂದರೆ ಕಾಕು ಪ್ಯಾಸೆಂಜರ್ ಹತ್ತುತ್ತಾರೆ. ಕಾಕಾ ಸ್ಕೂಟರ್ ಹತ್ತಿ ಮುಂದಿನ ರೈಲ್ವೆ ಗೇಟಿಗೆ ಓಡುತ್ತಾರೆ. ಅಲ್ಲಿ ಹೆಂಡತಿ ಕುಳಿತ ಗಾಡಿಯ ಫೋಟೋ ತೆಗೆದು ಮತ್ತೆ ಮುಂದಿನ ಗೇಟಿಗೆ. ಹೀಗೆ ಗೇಟಿನಿಂದ ಗೇಟಿಗೆ ಹಾರುತ್ತ ಅವರು ರಾಯಬಾಗ ಮುಟ್ಟುವ ಹೊತ್ತಿಗೆ ಅಕ್ಷತೆ ಬಿದ್ದು, ಊಟ ಮುಗಿದು, ವರನ ಕಡೆಯವರು ಎಲೆಅಡಿಕೆ ಹಾಕಿಕೊಳ್ಳುತ್ತಿರುತ್ತಾರೆ.

ಪ್ರತಿ ಗೇಟಿನಲ್ಲೂ ಕಾಕು ಕಿಟಕಿಯಿಂದ ಕೈ ಬೀಸುತ್ತಾರೆ. ಜಗಳ ಇಲ್ಲಿಂದಲೇ.

‘ಕೈ ಹೊರಗ ಹಾಕಬ್ಯಾಡ ಅಂತ ಎಷ್ಟ ಸಲ ಹೇಳಿಲ್ಲ? ಫೋಟೋದಾಗ ಬರೇ ಗಾಡಿ ಬರಬೇಕು!’

‘ಅಲ್ರೀ, ಕಟಗೊಂಡ ಗಂಡ ಬಿಸಲಾಗ ನಿಂತಾನ ಅಂತ ಕೈ ಮಾಡಿದ್ರ ಅದೂ ತಪ್ಪೇನು? ಬ್ಯಾರೆ ಯಾರಿಗರ ಮಾಡ್ಲೇನು?’

‘ಯಾರಿಗರ ಮಾಡು. ಆ ಕಡೆ ಕಿಡಕ್ಯಾಗಿಂದ ಮಾಡು.’

ಮಿರಜದ ಜಂಕ್ಷನ್ನಿನಲ್ಲಿ ಒಮ್ಮೆ ರೈಲ್ವೆ ಪೊಲೀಸನೊಬ್ಬ ಕಾಕಾನನ್ನು ತಡೆದು ಕೂರಿಸಿದ. ವಯಸ್ಸಾದ ಮನುಷ್ಯ, ಕೊರಳಲ್ಲಿ ದೊಡ್ಡ ಕ್ಯಾಮೆರಾ, ಜಂಕ್ಷನ್ನಿನಲ್ಲಿ ಗಂಟೆಗಟ್ಟಲೆ ಓಡಾಟ. ಸಂಶಯಪಡುವುದು ಅವನ ಕರ್ತವ್ಯ. ‘ಏನೇನು ತೆಗೆದಿದ್ದೀರಿ, ತೋರಿಸಿ’ ಎಂದು ಮರಾಠಿಯಲ್ಲಿ ಗದರಿದ. ಅಯ್ಯೋ ಪಾಪ, ಕಾಕಾನನ್ನು ಹೀಗೆ ಯಾರಾದರೂ ತಾವಾಗಿ ಕೇಳಿ ಎಷ್ಟು ವರ್ಷವಾಗಿತ್ತು! ಕಾಕಾ ಖುಷಿಯಿಂದ ಕ್ಯಾಮೆರಾದ ಸ್ಕ್ರೀನ್ ತೆರೆದು ಒಂದೊಂದಾಗಿ ತೋರಿಸತೊಡಗಿದರು. ಎಂಜಿನ್, ಮೊದಲನೆಯ ಡಬ್ಬಿ, ಎರಡನೆಯ ಡಬ್ಬಿ, ಮೂರನೆಯ ಡಬ್ಬಿ. ಹದಿನೈದನೆಯ ಡಬ್ಬಿಗೆ ಪೊಲೀಸ ಗಡಿಯಾರ ನೋಡಿದ. ಮೂವತ್ತನೆಯ ಡಬ್ಬಿಗೆ ಟೋಪಿ ತೆಗೆದು ಹಣೆ ಒರೆಸಿಕೊಂಡ. ಒಂದು ಗಾಡಿ ಮುಗಿಯಿತಲ್ಲ ಎಂದು ಅವನು ಏಳುವಷ್ಟರಲ್ಲಿ ಎರಡನೆಯ ಗಾಡಿಯ ಎಂಜಿನ್ ಬಂತು.

‘ಕಾಕಾ, ಬಸ್ ಝಾಲಂ. ಜಾ ಆತಾ,’ ಎಂದು ಅವನೇ ಕೈಮುಗಿದ. ಸಾಕು, ಹೋಗಿ ಇನ್ನು ಎಂದರ್ಥ. ಆದರೆ ಕಾಕಾ ಏಳಲಿಲ್ಲ. ‘ಥಾಂಬಾ, ನಿಲ್ಲಿ ಸಾಹೇಬ್, ಇನ್ನೂ ನಿನ್ನೆಯದು ಇದೆ’ ಎಂದರಂತೆ. ಕೊನೆಗೆ ಹೊರಗೆ ನಡೆದದ್ದು ಪೊಲೀಸನೇ! ಇದು ಕಾಕಾನದೇ ಹೇಳಿಕೆ. ಪೊಲೀಸನ ಪ್ರತಿಕ್ರಿಯೆ ಲಭ್ಯವಾಗಿಲ್ಲ.

ಮನೆಗೆ ಬಂದ ಅತಿಥಿಗಳಿಗೂ ಇದೇ ಶಿಕ್ಷೆ. ಸೋಫಾದ ಪಕ್ಕದಲ್ಲಿ ಹನ್ನೊಂದು ಆಲ್ಬಮ್‌ಗಳು ಸದಾ ಸಿದ್ಧ.

‘ಇದು ಮೂವತ್ತನೇ ಡಬ್ಬಿರಿ. ಇದು ಮೂವತ್ತೊಂದನೇದು.’

‘ಎರಡೂ ಒಂದ ನಮೂನಿ ಕಾಣ್ತಾವಲ್ರಿ?’

‘ಅದೆಂಗ? ಬಾಗಲದ ಕೊಂಡಿ ನೋಡ್ರಿ! ಇದರದು ಬಲಕ್ಕ, ಅದರದು ಎಡಕ್ಕ!’

ಕಾಕು ಇದನ್ನು ಬಹಳ ಬೇಗ ಸಂಸಾರಕ್ಕೆ ಉಪಯೋಗವಾಗುವಂತೆ ಪಳಗಿಸಿಕೊಂಡರು. ಬೇಕಾದ ಅತಿಥಿ ಬಂದರೆ ಕಾಕಾನನ್ನು ತರಕಾರಿಗೆ ಕಳಿಸುತ್ತಾರೆ. ಬೇಡವಾದವರು ಬಂದು ಒಂದು ತಾಸಾದರೂ ಏಳದಿದ್ದರೆ ಅಡುಗೆಮನೆಯಿಂದಲೇ ಕೂಗುತ್ತಾರೆ: ‘ಅಲ್ರೀ, ಅವರಿಗೆ ಆಲ್ಬಮ್ ತೋರಿಸಿರೇನು?’ ಮೂರನೆಯ ಆಲ್ಬಮ್ ದಾಟಿ ಕುಳಿತ ಅತಿಥಿ ಇದುವರೆಗೆ ಒಬ್ಬನೂ ಇಲ್ಲ. ಕಾಕುವಿಗೇ ಆ ಆಲ್ಬಮ್ ಕಂಡರಾಗದು. ಧೂಳು ಒರೆಸುವುದಕ್ಕಲ್ಲದೆ ಅವರು ಅದನ್ನು ಮುಟ್ಟಿದ್ದನ್ನು ನಾನು ಕಂಡಿಲ್ಲ.

ಹೀಗೆ ನಡೆದಿರಲಾಗಿ ಕಳೆದ ಬೇಸಿಗೆಯಲ್ಲಿ ಕಾಕಾನ ಕ್ಯಾಮೆರಾ ಕೆಟ್ಟಿತು.

ಕೆಟ್ಟಿತು ಎಂದವರು ಕಾಕಾ. ಕಣ್ಣಿಟ್ಟು ನೋಡಿದರೆ ಮೇಲಿನ ಮೂಲೆಯಲ್ಲಿ ಕಪ್ಪು ಪರದೆ ಇಳಿದಂತೆ ಕಾಣುತ್ತದೆ ಎಂದರು. ಸಾಂಗ್ಲಿಯಲ್ಲಿ ಕ್ಯಾಮೆರಾ ದುರಸ್ತಿ ಮಾಡುವವನ ಹತ್ತಿರ ಒಯ್ದರು. ಅವನು ಮಸೂರ ಒರೆಸಿ ಕೊಟ್ಟ. ಮರುದಿನ ಪರದೆ ಇನ್ನೂ ಸ್ವಲ್ಪ ಕೆಳಗಿಳಿಯಿತು. ಕಾಕಾ ಮತ್ತೆ ಹೋದರು. ಅವನು ಕ್ಯಾಮೆರಾ ಬಿಚ್ಚಿ ಒಳಗಿನ ಧೂಳು ಊದಿದ. ಮೂರನೆಯ ದಿನ ಪರದೆ ಅರ್ಧಕ್ಕೆ ಬಂತು. ಕಾಕಾ ಸಿಟ್ಟಿನಿಂದ ಹೋಗಿ ಅವನ ಮೇಜಿನ ಮೇಲೆ ಕ್ಯಾಮೆರಾ ಕುಕ್ಕಿದರು.

‘ಏನ ರಿಪೇರಿ ಮಾಡ್ತೀಯೋ ನೀ? ದಿನಾ ಹೆಚ್ಚ ಆಗಾಕತ್ತೈತಿ!’

ಅವನು ಕ್ಯಾಮೆರಾದಲ್ಲಿ ನೋಡಿದ. ಬೀದಿ ನೋಡಿದ, ಬೀದಿಯ ಆಚೆಯ ಬೋರ್ಡು ಓದಿದ. ಆಮೇಲೆ ಕಾಕಾನ ಕನ್ನಡಕವನ್ನು ಮೆಲ್ಲಗೆ ತೆಗೆದ. ಕೈಯಿಂದ ಅವರ ಎಡಗಣ್ಣು ಮುಚ್ಚಿದ.

‘ಕಾಕಾ, ಈಗ ನಾ ಕಾಣ್ತೇನೇನ್ರಿ?’

‘ಹೊಟ್ಟಿ ಕಾಣ್ತೈತಿ. ಮಾರಿ ಇಲ್ಲ.’

‘ಮತ್ತ ಈಗ ಕ್ಯಾಮೆರಾ ಎಲ್ಲೈತ್ರಿ? ಟೇಬಲ್ ಮ್ಯಾಲ ಐತಿ. ಏಳ್ರಿ, ಮೊದಲ ಮಿರಜದ ಕಣ್ಣಿನ ದವಾಖಾನಿಗೆ ನಡೀರಿ.’

ಮೂರು ದಿನ! ಬಲಗಣ್ಣಿನ ಒಳಪರದೆ ಕಳಚಿಬೀಳುತ್ತಿದ್ದರೆ ಈ ಮನುಷ್ಯ ಮೂರು ದಿನ ಕ್ಯಾಮೆರಾಕ್ಕೆ ಚಿಕಿತ್ಸೆ ಕೊಡಿಸಿದ್ದರು! ಮಿರಜದ ಡಾಕ್ಟರು ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಬೈದರು. ಗಡಿಯ ಆಚೆಯಿಂದ ಬರುವ ರೋಗಿಗಳಿಂದ ಅಲ್ಲಿನ ಡಾಕ್ಟರುಗಳ ಕನ್ನಡ ಚೆನ್ನಾಗಿ ಪಳಗಿದೆ, ಬೈಗುಳಕ್ಕಂತೂ ಧಾರಾಳವಾಗಿ ಸಾಲುತ್ತದೆ. ನಾಳೆಯೇ ಶಸ್ತ್ರಚಿಕಿತ್ಸೆ ಆಗಬೇಕು, ಆದರೂ ದೃಷ್ಟಿ ಎಷ್ಟು ಉಳಿಯುತ್ತದೆಂದು ಈಗಲೇ ಹೇಳಲಾಗದು ಎಂದರು. ಕಾಕಾ ಫೋಟೋ ತೆಗೆಯುವುದು ಬಲಗಣ್ಣಿನಿಂದ. ಸುದ್ದಿ ತಿಳಿದು ಓಡಿಬಂದ ಕಾಕುವೂ ನಾನೂ ಪಕ್ಕದಲ್ಲಿದ್ದೆವು. ಕಾಕಾ ಗಂಭೀರವಾಗಿ ಕೇಳಿದರು:

‘ಡಾಕ್ಟರ್, ನಿಮ್ಮ ಖೋಲಿಯಿಂದ ಹಳಿ ಕಾಣ್ತಾವೇನ್ರಿ?’

ಕಾಣುವುದಿಲ್ಲ ಎಂದಿದ್ದರೆ ಬೇರೆ ಆಸ್ಪತ್ರೆ ಹುಡುಕಲು ಎದ್ದೇಬಿಡುತ್ತಿದ್ದರು. ಎರಡನೆಯ ಮಹಡಿಯ ಕೊನೆಯ ಕೋಣೆಯಿಂದ ಕಾಣುತ್ತವೆ ಎಂದು ನರ್ಸ್ ಬಾಯಿ ಹೇಳಿದ್ದರಿಂದ ಉಳಿದೆವು. ಕಾಕಾ ಆ ಕೋಣೆಯನ್ನೇ ಹಿಡಿದರು. ಕಿಟಕಿಗೆ ಹೊಂದಿಕೊಂಡಂತೆ ಮಂಚ ಸರಿಸಿಸಿದರು. ತಲೆದಿಂಬು ಯಾವ ಕಡೆ ಇಟ್ಟರೆ ಹಳಿಯ ತಿರುವು ಸರಿಯಾಗಿ ಕಾಣುತ್ತದೆಂದು ಮಲಗಿ, ಎದ್ದು, ಮತ್ತೆ ಮಲಗಿ ಪರೀಕ್ಷಿಸಿದರು.

ಶಸ್ತ್ರಚಿಕಿತ್ಸೆ ಮುಗಿಸಿ ಹೊರಬಂದ ಡಾಕ್ಟರು ಹೇಳಿದರು: ಕಣ್ಣೊಳಗೆ ಗಾಳಿಯ ಗುಳ್ಳೆ ಬಿಟ್ಟಿದ್ದೇವೆ. ಅದು ಒಳಪರದೆಯನ್ನು ಒತ್ತಿ ಹಿಡಿಯಬೇಕು. ಅದಕ್ಕಾಗಿ ರೋಗಿ ಒಂದು ವಾರ ಬೋರಲು ಮಲಗಬೇಕು. ಮುಖ ನೆಲಕ್ಕೆ. ಎತ್ತುವಂತಿಲ್ಲ, ತಿರುಗಿಸುವಂತಿಲ್ಲ.

ಸಾಂಗ್ಲಿ ಜಿಲ್ಲೆಯ ಅತ್ಯುತ್ತಮ ರೈಲು ನೋಟವಿರುವ ಕಿಟಕಿಯ ಪಕ್ಕದಲ್ಲಿ ಕಾಕಾ ಒಂದು ವಾರ ನೆಲದ ಫರಸಿ ಕಲ್ಲು ನೋಡುತ್ತ ಮಲಗಿದರು!

ಮನೆಗೆ ಕರೆದುಕೊಂಡು ಹೋಗಬಹುದು ಎಂದು ಡಾಕ್ಟರು ಎರಡನೆಯ ದಿನವೇ ಹೇಳಿದ್ದರು. ಕಾಕು ಒಪ್ಪಲಿಲ್ಲ. ‘ಮನಿಯಿಂದ ಹಳಿ ನೂರ ಹೆಜ್ಜಿ ಮ್ಯಾಲ ಐತ್ರಿ ಸಾಹೇಬ್ರ, ಎದ್ದ ಓಡ್ತಾರ. ಇಲ್ಲೆ ಎರಡ ಮಾಳಿಗಿ ಇಳೀಬೇಕು, ಅಷ್ಟರಾಗ ಹಿಡೀಬಹುದು.’

ಗಾಡಿ ಬಂದಾಗಲೆಲ್ಲ ಕಾಕಾ ಬೋರಲು ಮಲಗಿಯೇ ಕೂಗುತ್ತಿದ್ದರು, ‘ಯಾವುದು? ಯಾವುದು?’ ಕಿಟಕಿಯಲ್ಲಿ ನಿಂತ ಕಾಕು ವರದಿ ಕೊಡಬೇಕು. ಮೊದಲ ದಿನದ ವರದಿ ಹೀಗಿತ್ತು:

‘ರೈಲ್ವೆ ಹೋತ್ರಿ.’

‘ರೈಲ್ವೆ ಹೋತು ಅಂದ್ರ? ಮಾಲಗಾಡಿಯೋ ಪ್ಯಾಸೆಂಜರೋ? ಮುಚ್ಚಿದ ಡಬ್ಬಿಯೋ ತೆರದದ್ದೋ?’

‘ಉದ್ದಂದು. ಕೆಂಪಂದು.’

‘ಯವ್ವಾ, ಕೆಂಪ ಮೆಣಸಿನಕಾಯಿನೂ ಉದ್ದನ ಇರ್ತೈತಿ! ನೆಟ್ಟಗ ನೋಡಿ ಹೇಳ!’

ಮೂರನೆಯ ದಿನಕ್ಕೆ ಕಾಕು ಮುಚ್ಚಿದ ಡಬ್ಬಿ, ತೆರೆದ ಡಬ್ಬಿ, ಎಣ್ಣೆಯ ಟ್ಯಾಂಕರ್ ಎಂದು ಬೇರೆ ಬೇರೆ ಹೇಳುವಷ್ಟು ತಯಾರಾದರು. ಡಬ್ಬಿಗಳನ್ನು ಎಣಿಸಿಯೂ ಹೇಳುತ್ತಿದ್ದರು. ಎಣಿಕೆಯಲ್ಲಿ ಒಂದು ತಪ್ಪಿದರೂ ಕಾಕಾ ಸದ್ದಿನಿಂದಲೇ ಹಿಡಿದು ಹಾಕುತ್ತಿದ್ದರು. ‘ಒಂದ ನುಂಗಿದಿ!’

ಮುಖ್ಯ ಸುದ್ದಿಯನ್ನು ಕೊನೆಗೆ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ, ಆದ್ದರಿಂದ ಇಲ್ಲೇ ಹೇಳುತ್ತೇನೆ. ಕಣ್ಣು ಉಳಿಯಿತು. ಪೂರ್ತಿಯಲ್ಲ, ಮುಕ್ಕಾಲು ಪಾಲು. ಕಾಕಾ ಈಗ ಎಡಗಣ್ಣಿನಿಂದ ಫೋಟೋ ತೆಗೆಯುತ್ತಾರೆ. ಗಾಡಿಗಳೆಲ್ಲ ಸ್ವಲ್ಪ ಓರೆಯಾಗಿ, ಏರು ಹತ್ತುತ್ತಿರುವಂತೆ ಬರುತ್ತವೆ.

ಆದರೆ ನಾಲ್ಕನೆಯ ದಿನ ಇದು ನಮಗಾರಿಗೂ ಗೊತ್ತಿರಲಿಲ್ಲ. ಆ ದಿನ ಬೆಳಿಗ್ಗೆ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ‘ನೋಡೋಣ’ ಎಂದಷ್ಟೇ ಹೇಳಿ ಹೋದರು. ಕಾಕಾ ಮತ್ತೆ ಬೋರಲು ಮಲಗಿದರು. ಚಹಾ ಬೇಡ, ಊಟ ಬೇಡ. ಮಧ್ಯಾಹ್ನವಾಯಿತು. ಒಂದೇ ಒಂದು ಸಲವೂ ‘ಯಾವುದು?’ ಎನ್ನಲಿಲ್ಲ. ಕೇಳಲು ಗಾಡಿಯೂ ಇರಲಿಲ್ಲ. ಹಳಿಯ ದುರಸ್ತಿಗಾಗಿ ಆ ದಿನ ಸಂಜೆಯವರೆಗೆ ಓಡಾಟ ಬಂದ್ ಮಾಡಿದ್ದರು. ಹಿಂದಿನ ರಾತ್ರಿ ಆ ಮೂರು ಸಾಲಿನ ಸುದ್ದಿಯನ್ನು ನಾನೇ ತಿದ್ದಿ ಅಚ್ಚಿಗೆ ಕಳಿಸಿದ್ದೆ.

ಕಾಕು ಗಂಡನ ಬೆನ್ನನ್ನೇ ನೋಡುತ್ತ ಕುಳಿತಿದ್ದರು. ಎದ್ದು ಕಿಟಕಿಗೆ ಹೋದರು.

‘ಅಲ್ರೀ, ಮಾಲಗಾಡಿ ಬಂತು ನೋಡ್ರಿ.’

ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಹಳಿಯ ಮೇಲೆ ಇದ್ದದ್ದು ಬಿಸಿಲು ಮಾತ್ರ. ಆಚೆ ಬೇವಿನ ಗಿಡದ ನೆರಳಲ್ಲಿ ನಾಲ್ವರು ಕೆಲಸಗಾರರು ಬುತ್ತಿ ಬಿಚ್ಚಿಕೊಂಡು ಕುಳಿತಿದ್ದರು. ಮಾಲಗಾಡಿ ಹೋದರೆ ಆ ಕೋಣೆಯ ಮಂಚವೇ ನಡುಗುತ್ತಿತ್ತು. ಈಗ ಗೋಡೆಯ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಇದು ಕಾಕಾನಿಗೆ ತಿಳಿಯದಿರಲು ಸಾಧ್ಯವೇ?

ಆಮೇಲೆ ದಿಂಬಿನೊಳಗಿಂದ ದನಿ ಬಂತು.

‘ಯಾವ ಡಬ್ಬಿ?’

‘ಮುಚ್ಚಿದ್ದು,’ ಎಂದರು ಕಾಕು.

‘ಎಣಸ.’

ಕಾಕು ಬರಿಯ ಹಳಿ ನೋಡುತ್ತ ಎಣಿಸತೊಡಗಿದರು. ಒಂದು, ಎರಡು, ಮೂರು. ಗಾಡಿ ಹೋಗುವ ವೇಗದಲ್ಲೇ, ಒಂದೊಂದಕ್ಕೂ ಬಿಡುವು ಕೊಟ್ಟು. ಮುಚ್ಚಿದ ಡಬ್ಬಿಯ ಗಾಡಿ ನಲವತ್ತರ ಆಸುಪಾಸಿಗೆ ಮುಗಿಯುತ್ತದೆ. ಕಾಕು ನಲವತ್ತು ದಾಟಿದರು. ಕಾಕಾ ತಡೆಯಲಿಲ್ಲ. ಐವತ್ತು ದಾಟಿತು. ನಿಲ್ಲಿಸಿದರೆ ಏನಾಗುತ್ತದೋ ಎಂಬಂತೆ ಕಾಕು ಕಿಟಕಿಯ ಸರಳು ಹಿಡಿದು ಎಣಿಸುತ್ತಲೇ ಇದ್ದರು. ಎಪ್ಪತ್ತಕ್ಕೆ ಅವರ ದನಿ ಒಡೆದು ನಿಂತಿತು.

‘ಅವಸರ ಬ್ಯಾಡ,’ ಎಂದರು ಕಾಕಾ, ಮುಖ ಎತ್ತದೆ. ‘ಗಾಡಿ ಎಲ್ಲೂ ಹೋಗೂದಿಲ್ಲ. ನೀರ ಕುಡದ ಎಣಸ.’

ಕಾಕು ನೀರು ಕುಡಿದರು. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಕಿಟಕಿಗೆ ತಿರುಗಿದರು.

‘ಎಪ್ಪತ್ತೊಂದು,’ ಎಂದರು.